ಉಕ್ಕದ ಹಾಲು

ಕಮಲಾಕ್ಷಿ ಬೋಟಿನ ಹಿಂಭಾಗದಲ್ಲಿ ಕೂತು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಕಡಲತಡಿಯ ಎವರೆಟ್‌ನಲ್ಲಿ ಬಿಸಿಲು ಬಿದ್ದಿತ್ತು. ಅಂಥ ಬಿಸಿಲನ್ನು ಹೊರಗೆ ಬಿಟ್ಟು ಒಳಗೆ ಕೂತು ತರಕಾರಿ ಹೆಚ್ಚುವವರಿಗೆ ಬುದ್ಧಿ ಕಡಿಮೆ ಎಂಬುದು ಅವಳ ಖಚಿತ ಅಭಿಪ್ರಾಯ.

ಬೋಟುಗಳನ್ನು ಕಟ್ಟಿ ನಿಲ್ಲಿಸುವ ಮರೀನಾದ ಹಲಗೆಯ ದಾರಿಯಲ್ಲಿ ಒಂದು ಎಳೆಯ ಜೋಡಿ ಬೋಟುಗಳ ಹೆಸರು ಓದಿಕೊಂಡು ಬರುತ್ತಿತ್ತು.

"ಇದೇ ಕಣೋ, ಸಿಕ್ತು. ಸುಮ್ನೆ," ಎಂದಳು ಹುಡುಗಿ.

ಬೋಟಿನ ಮೈಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ 'ಸುಮ್ನೆ' ಎಂಬ ಹೆಸರನ್ನು ಈ ಮರೀನಾದಲ್ಲಿ ಇದುವರೆಗೆ ಯಾರೂ ನೆಟ್ಟಗೆ ಉಚ್ಚರಿಸಿರಲಿಲ್ಲ. ಕಮಲಾಕ್ಷಿಗೆ ಅಷ್ಟಕ್ಕೇ ಖುಷಿಯಾಗಿ ಹೋಯಿತು.

"ಬನ್ನಿ ಬನ್ನಿ. ಯಾರನ್ನ ಹುಡುಕ್ತಿದೀರಮ್ಮ?"

"ಆಂಟಿ, ನಾನು ಕವನಾ, ಇವನು ನನ್ನ ಹಸ್ಬೆಂಡ್ ಸಾಗರ್. ಅಂಕಲ್ ಹನ್ನೊಂದಕ್ಕೆ ಬನ್ನಿ ಅಂದಿದ್ರು. ನಾವೇ ಸ್ವಲ್ಪ ಅರ್ಲಿ ಬಂದ್ಬಿಟ್ವಿ."

"ಯಾಕೆ ಬನ್ನಿ ಅಂದಿದ್ರು?"

ಕವನಾ ಗಂಡನ ಮುಖ ನೋಡಿದಳು. "ಬೋಟ್ ನೋಡಕ್ಕೆ ಆಂಟಿ. ಸೇಲ್‌ಗಿದೆ ಅಂತ ಕನ್ನಡ ಗ್ರೂಪಲ್ಲಿ ಹಾಕಿದ್ರಲ್ಲ."

ಕಮಲಾಕ್ಷಿಯ ಕೈಯಲ್ಲಿದ್ದ ಹುರುಳಿಕಾಯಿ ಪಟ್ಟೆಂದು ಎರಡಾಯಿತು. ಕನ್ನಡ ಸಂಘದ ವಾಟ್ಸಾಪ್ ಗ್ರೂಪು ಬೆಳಗಾದರೆ ಗುಡ್ ಮಾರ್ನಿಂಗ್ ಹೂಗಳಿಂದ ತುಂಬುತ್ತದೆಂದು ಅವಳು ಅದರ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದಳು. ಹೆಂಡತಿಯ ಕಣ್ಣು ಬೀಳದ ಜಾಗ ಅದೊಂದೇ ಎಂದು ಗಂಡ ಶ್ರೀಪತಿಗೂ ಚೆನ್ನಾಗಿ ಗೊತ್ತಿತ್ತು.

"ಹೌದೌದು, ಹೇಳಿದ್ರು. ನಾನೇ ಮರೆತಿದ್ದೆ," ಎಂದಳು, ಸುಳ್ಳು ಹೇಳುತ್ತಿದ್ದೇನೆಂದು ತನಗೇ ಗೊತ್ತಾಗದಷ್ಟು ಸಲೀಸಾಗಿ. "ಲಾಂಡ್ರಿಗೆ ಹೋಗಿದಾರೆ, ಇನ್ನೇನು ಬರ್ತಾರೆ. ಶೂ ಬಿಚ್ಚಿಟ್ಟು ಹತ್ತಿ. ಕೈ ಕೊಡಮ್ಮ, ಅಲ್ಲಿ ಜಾರುತ್ತೆ. ಕಾಫಿ ಮಾಡ್ತೀನಿ."

ಮೆಟ್ಟಿಲಿಳಿದು ಅಡುಗೆಯ ಮೂಲೆಗೆ ಹೋಗಿ ಹಾಲು ಕಾಯಲಿಟ್ಟಳು. ಬೋಟಿನ ಒಲೆ ಉಯ್ಯಾಲೆಯ ಹಾಗೆ ತೂಗುತ್ತದೆ. ಬೋಟು ಎಷ್ಟೇ ವಾಲಿದರೂ ಪಾತ್ರೆ ಮಾತ್ರ ನೆಟ್ಟಗಿರುತ್ತದೆ. ಕಮಲಾಕ್ಷಿಯ ಬಲಗೈ ತನ್ನ ಪಾಡಿಗೆ ತಾನು ಒಲೆಯ ಗುಂಡಿಯ ಮೇಲೆ ಹೋಗಿ ಕೂತಿತು. ಹಾಲು ಕಾಯಲಿಟ್ಟವರು ಗುಂಡಿಯಿಂದ ಕೈ ತೆಗೆಯಕೂಡದು. ಈ ಬೋಟಿನ ಮೊದಲ ಕಾನೂನು ಅದು, ಮಾಡಿದವನು ಶ್ರೀಪತಿ.

ಶ್ರೀಪತಿ ಮುಕಿಲ್ಟಿಯೊ ಗುಡ್ಡದ ಮೇಲಿನ ವಿಮಾನ ಕಾರ್ಖಾನೆಯಲ್ಲಿ, ರೆಕ್ಕೆಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಕಮಲಾಕ್ಷಿ ರೆಡ್‌ಮಂಡ್‌ನ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು. ಇಬ್ಬರೂ ರಿಟೈರ್ ಆದ ಮೇಲೆ ಅಲ್ಲೇ ಎಜುಕೇಶನ್ ಹಿಲ್‌ನ ದೊಡ್ಡ ಮನೆಯಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ. ಊಟಕ್ಕೆ ಕರೆಯಲು ಫೋನ್ ಮಾಡಬೇಕಾಗುತ್ತಿತ್ತು. ಒಂದು ದಿನ ಶ್ರೀಪತಿ ಮೇಲಿನಿಂದಲೇ ಫೋನ್ ಮಾಡಿ, "ಕಮಲ, ಮನೆ ಮಾರಿ ಬೋಟ್ ತಗೊಳೋಣ್ವಾ?" ಎಂದು ಕೇಳಿದ್ದ.

ನೀರೆಂದರೆ ದೂರದಿಂದ ಕೈ ಮುಗಿಯುತ್ತಿದ್ದವಳು ಅವಳು. ಚಿತ್ರದುರ್ಗದವಳಿಗೆ ಸಮುದ್ರದ ಅಭ್ಯಾಸ ಎಲ್ಲಿಂದ ಬರಬೇಕು. ಆದರೂ ಅವನ ಧ್ವನಿಯಲ್ಲಿ ಹುಡುಗುತನ ಕೇಳಿ ಒಪ್ಪಿದಳು.

"ಒಂದು ವರ್ಷ ಇದ್ದು ನೋಡೋಣ," ಎಂದಿದ್ದ ಅವನು. "ನಿಂಗೆ ಬೇಡ ಅನ್ಸಿದ್ರೆ ಬಾಯಿಬಿಟ್ಟು ಹೇಳೋದೂ ಬೇಡ. ನಂಗೇ ಗೊತ್ತಾಗುತ್ತೆ."

"ಅದು ಹೇಗ್ರೀ ಗೊತ್ತಾಗುತ್ತೆ?"

"ಇಷ್ಟು ವರ್ಷ ಇನ್ನೇನು ಮಾಡಿದೀನಿ? ನಿನ್ನ ಮುಖ ಓದಿದ್ದೇ ಆಯ್ತು."

ಬೋಟಿಗೆ ಬಂದ ಮೊದಲ ದಿನ ಅವಳು ಬಿಂದಿಗೆಯಾಕಾರದ ಹಿತ್ತಾಳೆ ಪಾತ್ರೆ, ಅರಿಶಿನ ಕುಂಕುಮ, ಒಂದು ಹಿಡಿ ಸೇವಂತಿಗೆ ತಂದು ಹಾಲುಕ್ಕಿಸಲು ನಿಂತಿದ್ದಳು. ಯಾವ ಹೊಸ ಮನೆಗೆ ಹೋದರೂ ಮೊದಲು ಹಾಲು ಉಕ್ಕಬೇಕು, ಆಮೇಲೆ ದೇವರು ಬರಬೇಕು, ಅದಾದ ಮೇಲೆ ಉಳಿದದ್ದೆಲ್ಲ. ಎಜುಕೇಶನ್ ಹಿಲ್‌ನಲ್ಲಿ ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತಿದ್ದರೂ ಉಕ್ಕಿಸಿಯೇ ಬಿಟ್ಟವಳು ಅವಳು. ಆದರೆ ಇಲ್ಲಿ ಹಾಲು ಅಂಚಿಗೆ ಬರುತ್ತಿದ್ದಂತೆ ಶ್ರೀಪತಿ ಎಲ್ಲಿಂದಲೋ ಹಾರಿ ಬಂದು ಗುಂಡಿ ತಿರುಗಿಸಿದ್ದ.

"ಹಾಲು ಉಕ್ಕಿ ಬೆಂಕಿ ಆರಿದ್ರೆ ಗ್ಯಾಸ್ ತಳಕ್ಕೆ ಇಳಿದು ಕೂತ್ಕೊಳುತ್ತೆ. ಹೊರಗೆ ಹೋಗಕ್ಕೆ ದಾರಿ ಇರಲ್ಲ. ಇದು ಬೋಟ್ ಕಣೇ, ಮನೆ ಅಲ್ಲ."

ಅವನು ಹೇಳಿದ್ದು ಗ್ಯಾಸಿನ ವಿಷಯ. ಅವಳ ಕಿವಿಯಲ್ಲಿ ಉಳಿದದ್ದು ಕೊನೆಯ ಎರಡು ಮಾತು. ಅವಳು ಸುಮ್ಮನೆ ಹೂವನ್ನು ಪ್ಲಾಸ್ಟಿಕ್ ಚೀಲಕ್ಕೆ ವಾಪಸ್ಸು ಹಾಕಿದಳು. ದೇವರ ಪೀಠ, ಬೆಳ್ಳಿ ಲಕ್ಷ್ಮಿ, ಅಂಬೆಗಾಲು ಕೃಷ್ಣ, ಅತ್ತೆ ಕೊಟ್ಟ ದೀಪ, ಎಲ್ಲ ಮಗಳು ರಂಜಿನಿಯ ಜೊತೆ ಡೌನ್‌ಟೌನ್ ಬೆಲ್ವ್ಯೂನ ಅವಳ ಅಪಾರ್ಟ್‌ಮೆಂಟಿಗೆ ಹೋದವು. ಮನೆಯಲ್ಲದ ಕಡೆ ದೇವರನ್ನು ಕೂರಿಸುವುದು ಹೇಗೆ? ಇವರೇ ಒಂದು ದಿನ ಇದು ನಮ್ಮ ಮನೆ ಅನ್ನಲಿ, ಆಮೇಲೆ ಕರೆತಂದರಾಯಿತು ಎಂದುಕೊಂಡಳು. ಮುಖ ಓದುವವರು ಇದನ್ನೂ ಓದಲಿ ಎಂಬ ಸಣ್ಣ ಹಟವೂ ಇತ್ತು.

ವರ್ಷವಾಗುತ್ತಾ ಬಂದಿತ್ತು. ಓದಿರಲಿಲ್ಲ.

ತಮಾಷೆಯೆಂದರೆ, ಅಷ್ಟರಲ್ಲಿ ಅವಳು ಈ ಬೋಟನ್ನು ಪ್ರೀತಿಸತೊಡಗಿದ್ದಳು. ಯಾವತ್ತಿನಿಂದ ಎಂದು ಹೇಳಲಾಗದು. ಚುಕ್ಕಾಣಿ ಹಿಡಿದು ಮುಕಿಲ್ಟಿಯೊ ಫೆರ್ರಿಗೆ ದಾರಿ ಬಿಟ್ಟುಕೊಟ್ಟ ದಿನವಿರಬಹುದು. ಚಳಿಗಾಲದಲ್ಲಿ ಕಿಟಕಿಯ ಒಳಮೈಯೆಲ್ಲ ಬೆವರಿ, ಇಬ್ಬರೂ ಒಂದೊಂದು ಬಟ್ಟೆ ಹಿಡಿದು ಒರೆಸುತ್ತಾ ಹಳೆಯ ಜಗಳಗಳನ್ನು ನೆನೆದು ನಕ್ಕ ದಿನವೂ ಇರಬಹುದು. ಅಕ್ಕಿ ಮೂಟೆ ತರಬೇಕಾದರೆ ಉಬ್ಬರವಿಳಿತದ ಹೊತ್ತು ತೋರಿಸುವ ಟೈಡ್ ಟೇಬಲ್ ನೋಡಬೇಕು: ಇಳಿತವಿದ್ದರೆ ದಡದಿಂದ ಬೋಟುಗಳಿಗೆ ಇಳಿಯುವ ರ‍್ಯಾಂಪು ಜಾರುಬಂಡೆಯಾಗುತ್ತದೆ, ಉಬ್ಬರ ಬಂದರೆ ಸಮತಟ್ಟಾಗುತ್ತದೆ. ಸಮುದ್ರವನ್ನು ಕೇಳಿ ಸಾಮಾನು ತರುವ ಸಂಸಾರ ಅವಳಿಗೆ ಬಹಳ ಹಿಡಿಸಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಬೋಟಿನ ಒಳಗಿನ ಇಕ್ಕಟ್ಟು. ಇಬ್ಬರು ಎದುರಾದರೆ ಒಬ್ಬರನ್ನೊಬ್ಬರು ಮುಟ್ಟದೆ ದಾಟುವಂತಿಲ್ಲ. ಶ್ರೀಪತಿ ಅವಳ ಬೆನ್ನ ಹಿಂದೆ ಹಾದು ಹೋಗುವಾಗ ಸೊಂಟದ ಮೇಲೆ ಕೈಯಿಟ್ಟು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದ.

"ಏನದು?" ಎಂದರೆ, "ಬೋಟ್ ಅಲ್ಲಾಡ್ತಿದೆ, ಬ್ಯಾಲೆನ್ಸ್‌ಗೆ," ಅನ್ನುತ್ತಿದ್ದ.

ನಾಲ್ಕೂ ಕಡೆ ಹಗ್ಗ ಬಿಗಿದು ಕಟ್ಟಿದ ಬೋಟು, ಕನ್ನಡಿಯಂಥ ನೀರು. ಅವಳು ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರೆ ಅವನು ಗಂಭೀರವಾಗಿ ಮೇಲಿನ ಕಿಟಕಿ ಪರೀಕ್ಷಿಸುತ್ತಿರುತ್ತಿದ್ದ. ದೊಡ್ಡ ಮನೆಯಲ್ಲಿ ಅವನಿಗೆ ಬ್ಯಾಲೆನ್ಸ್ ತಪ್ಪಿದ್ದೇ ಇಲ್ಲ.

ಅಂಥದ್ದನ್ನು ಇವರು ಮಾರಲು ಹೊರಟಿದ್ದಾರೆ, ಅದೂ ನನಗೆ ಹೇಳದೆ. ಹಾಲು ಅಂಚಿಗೆ ಬಂದಿತ್ತು. ಕೈ ತಾನಾಗಿಯೇ ಗುಂಡಿ ತಿರುಗಿಸಿತು.

ಮೇಲೆ ಹೆಜ್ಜೆ ಸದ್ದಾಯಿತು. ಶ್ರೀಪತಿ ಹೆಗಲ ಮೇಲೆ ಒಗೆದ ಬಟ್ಟೆಯ ಚೀಲ ಹೊತ್ತು ಮೆಟ್ಟಿಲಲ್ಲಿ ನಿಂತಿದ್ದ. ಮೊದಲು ಒಳಗೆ ಕೂತಿದ್ದ ಜೋಡಿಯನ್ನು ನೋಡಿದ. ಆಮೇಲೆ ಹೆಂಡತಿಯನ್ನು. ಆಮೇಲೆ ಕಾಲ್ಬೆರಳು ನೋಡಿಕೊಂಡ.

"ಬನ್ರೀ," ಎಂದಳು ಕಮಲಾಕ್ಷಿ ತುಂಬಾ ಮೆತ್ತಗೆ. "ನಿಮ್ಮ ಗೆಸ್ಟ್ ಬಂದಿದಾರೆ."

ಆ ಮೆತ್ತಗಿನ ಧ್ವನಿಯನ್ನು ಓದಲು ಶ್ರೀಪತಿಗೆ ಯಾವ ವಿದ್ಯೆಯೂ ಬೇಕಿರಲಿಲ್ಲ.

"ಕಮಲ, ನಾನೇ ಹೇಳ್ಬೇಕು ಅಂತಿದ್ದೆ—"

"ಮೊದ್ಲು ಬೋಟ್ ತೋರ್ಸಿ. ಕಾಯ್ತಿದಾರೆ ಪಾಪ."

ಅವನು ತೋರಿಸತೊಡಗಿದ. ಅವಳು ಲೋಟಗಳಿಗೆ ಕಾಫಿ ಸುರಿಯುತ್ತಾ ಕಿವಿಯನ್ನು ಅತ್ತ ಇಟ್ಟಳು. ಕೇಳುತ್ತಾ ಹೋದಂತೆ ಅವಳಿಗೆ ವಿಚಿತ್ರವೆನಿಸಿತು. ಮಾರುವವನು ಹೀಗೂ ಮಾತಾಡುತ್ತಾನೆಯೇ?

"ಈ ಕಿಟಕಿ ಮಳೆಗಾಲದಲ್ಲಿ ಸೋರುತ್ತೆ. ಅಂದ್ರೆ ಇಲ್ಲಿ ವರ್ಷ ಪೂರ್ತಿ ಸೋರುತ್ತೆ ಅಂತ ಅರ್ಥ. ಇಂಜಿನ್‌ಗೆ ಬೆಳಿಗ್ಗೆ ಮೂಡ್ ಸರಿಯಿರಲ್ಲ. ಮಲಗೋ ಜಾಗ ಇದು. ಒಳಗಡೆ ಮಲಗಿದೋರು ಏಳ್ಬೇಕಾದ್ರೆ ಹೊರಗಡೆಯವರನ್ನ ದಾಟೇ ಹೋಗ್ಬೇಕು. ನಿಮ್ಮಂಥ ಎತ್ತರದವರಿಗೆ ಕಷ್ಟ. ಟಾಯ್ಲೆಟ್ ಪಂಪ್ ವಿಷ್ಯ ಕಾಫಿ ಆದ್ಮೇಲೆ ಹೇಳ್ತೀನಿ."

"ಅಂಕಲ್," ಎಂದ ಸಾಗರ್ ನಗುತ್ತಾ, "ನಿಮಗೆ ಇದನ್ನ ಮಾರಕ್ಕೆ ಇಷ್ಟ ಇದೆಯಾ ಇಲ್ವಾ?"

ಶ್ರೀಪತಿ ಗೋಡೆಯ ಮರದ ಮೇಲೆ ಕೈಯಾಡಿಸಿದ. ಆ ಮರಕ್ಕೆ ತಾನೇ ಎಣ್ಣೆ ತಿಕ್ಕಿ ಹೊಳಪು ತಂದವನು ಅವನು. "ಇದ್ದಿದ್ದನ್ನ ಇದ್ದ ಹಾಗೆ ಹೇಳ್ಬೇಕಲ್ಲಪ್ಪ," ಎಂದ.

ಕಮಲಾಕ್ಷಿಯ ಕೈ ಸಕ್ಕರೆ ಡಬ್ಬಿಯ ಮೇಲೇ ನಿಂತಿತು. ಬೇಸತ್ತವನ ಕೈ ಮರವನ್ನು ಹಾಗೆ ಸವರುವುದಿಲ್ಲ. ಹಾಗಾದರೆ ಮಾರುವುದು ಯಾರಿಗಾಗಿ?

ನಾಲ್ವರೂ ಪುಟ್ಟ ಮೇಜಿನ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಕವನಾ ಸುತ್ತ ಕಣ್ಣಾಡಿಸುತ್ತಿದ್ದಳು: ಗೂಟಕ್ಕೆ ನೇತು ಹಾಕಿದ ಸೌಟುಗಳು, ಪುಸ್ತಕಗಳು ಬೀಳದ ಹಾಗೆ ಅಡ್ಡ ಕಟ್ಟಿದ ಹಗ್ಗ, ಮೆಟ್ಟಿಲ ಪಕ್ಕ ಕುಂಡದಲ್ಲಿ ಚಿಗುರಿದ್ದ ಕರಿಬೇವು.

"ಆಂಟಿ, ಒಂದ್ ಕೇಳ್ಲಾ? ನಮ್ಮಮ್ಮ ಈಗ್ಲೇ ಶುರು ಮಾಡಿದಾರೆ, ಬೋಟಾದ್ರೂ ಸರಿ, ಹಾಲುಕ್ಕಿಸದೆ ಕಾಲಿಡ್ಬೇಡಿ ಅಂತ. ನೀವು ಇಲ್ಲಿ ಹೇಗ್ ಮಾಡಿದ್ರಿ? ಈ ಒಲೆ ತೂಗುತ್ತಲ್ಲ, ಹಾಲು ಯಾವ ಕಡೆ ಚೆಲ್ತು?"

ಕಮಲಾಕ್ಷಿ ಬಾಯಿ ತೆರೆಯುವ ಮೊದಲೇ ಶ್ರೀಪತಿಗೆ ಹುರುಪು ಬಂತು. ಇಷ್ಟು ಹೊತ್ತಿನಲ್ಲಿ ಅವನು ಮನಸ್ಸಾರೆ ಹೊಗಳಿದ್ದು ಇದೊಂದನ್ನೇ.

"ಚೆಲ್ಲೋದಾ? ಈ ಒಲೆ ಮೇಲೆ ಇವತ್ತಿನವರೆಗೂ ಒಂದು ತೊಟ್ಟು ಹಾಲು ಉಕ್ಕಿಲ್ಲ. ಕಮಲ ಅಷ್ಟು ಹುಷಾರು. ಒಂದಿನಾನೂ ಗುಂಡಿಯಿಂದ ಕೈ ತೆಗೆದಿಲ್ಲ."

"ಅಂದ್ರೆ ಗೃಹಪ್ರವೇಶ ಮಾಡ್ಲೇ ಇಲ್ವಾ ಆಂಟಿ?"

"ಗೃಹ ಆದ್ರೆ ತಾನೆ ಪ್ರವೇಶ," ಎಂದಳು ಕಮಲಾಕ್ಷಿ. ನಗುತ್ತಲೇ ಹೇಳಬೇಕೆಂದಿದ್ದಳು, ಅರ್ಧ ದಾರಿಯಲ್ಲಿ ನಗು ಕೈಕೊಟ್ಟಿತು. "ಇದು ಬೋಟಮ್ಮ, ಮನೆ ಅಲ್ಲ. ನಿಮ್ಮಂಕಲ್ಲೇ ಹೇಳಿದಾರೆ, ಬಂದ ದಿನಾನೇ."

ಶ್ರೀಪತಿಯ ಲೋಟ ತುಟಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಅವನು ಹೆಂಡತಿಯನ್ನು ನೋಡಿದ. ಒಲೆಯನ್ನು ನೋಡಿದ. ಮತ್ತೆ ಹೆಂಡತಿಯನ್ನು ನೋಡಿದ, ಈ ಸಲ ಬಹಳ ಹೊತ್ತು. ಲೆಕ್ಕದಲ್ಲಿ ಮೊದಲ ಸಾಲೇ ತಪ್ಪಿತ್ತೆಂದು ಕೊನೆಗೆ ಕಂಡವನ ಮುಖ ಅದು.

ಕವನಾಗೆ ಅಮ್ಮನಿಂದ ಬಂದ ಬುದ್ಧಿ ಸ್ವಲ್ಪ ಇತ್ತು. ಲೋಟ ಕೆಳಗಿಟ್ಟು ಗಂಡನ ತೋಳು ಹಿಡಿದಳು. "ಸಾಗರ್, ಆ ಕಡೆ ಹಲಗೆ ಮೇಲೆ ಸೀಲ್ ಮರಿ ಮಲಗಿತ್ತಲ್ಲ, ಬಾ ಫೋಟೋ ತೆಗೆಯೋಣ."

"ಕಾಫಿ ಇನ್ನೂ—"

"ಬಾರೋ."

ಅವರು ಹೋದ ಮೇಲೆ ಬೋಟು ಒಮ್ಮೆ ಹಗುರಾಗಿ ತೂಗಿ ನಿಂತಿತು.

"ಅದಕ್ಕೇನಾ ದೇವರನ್ನ ಇಲ್ಲಿಗೆ ತರ್ಲಿಲ್ಲ ನೀನು?" ಎಂದು ಕೇಳಿದ ಶ್ರೀಪತಿ.

"ಮನೆ ಅಲ್ಲದ ಕಡೆ ಎಲ್ಲಿ ತರ್ಲಿ?"

"ನಾನು ಹೇಳಿದ್ದು ಗ್ಯಾಸ್ ಬಗ್ಗೆ ಕಣೇ."

"ಗೊತ್ತು. ಆದ್ರೆ ಅದಾದ್ಮೇಲೆ ಒಂದಿನ ಆದ್ರೂ ಮನೆ ಅಂದ್ರಾ ಇದನ್ನ? ಬೋಟ್‌ಗೆ ಹೋಗೋಣ, ಬೋಟಲ್ಲಿದೆ, ಬೋಟಿಂದ ಬಂದ್ವಿ. ನಾನೂ ಕಾಯ್ತಾನೇ ಇದ್ದೆ. ಕೊನೆಗೆ ಇವತ್ತು ಬೇರೆಯವರ ಬಾಯಿಂದ ಮಾರಾಟದ ಸುದ್ದಿ ಕೇಳ್ಬೇಕಾಯ್ತು."

ಅವಳ ಕಣ್ಣು ತುಂಬಿತು. ಇಕ್ಕಟ್ಟಿನ ಇನ್ನೊಂದು ತೊಂದರೆ ಇದು, ಅಳು ಬಂದರೆ ಎದ್ದು ಹೋಗಲು ಇನ್ನೊಂದು ಕೋಣೆಯಿರುವುದಿಲ್ಲ.

ಶ್ರೀಪತಿ ಮೇಜಿನ ಆಚೆಯಿಂದ ಈಚೆಗೆ ಜರುಗಿ ಬಂದು ಅವಳ ಪಕ್ಕ ಕೂತ. "ನೀನು ಪ್ರತಿ ಶುಕ್ರವಾರ ಬಸ್ ಹತ್ತಿ ಬೆಲ್ವ್ಯೂಗೆ ಹೋಗ್ತಿದ್ದೆ. ದೀಪ ಹಚ್ಚಿ ಬಂದ ಸಂಜೆ ಸಪ್ಪಗೆ ಕೂತಿರ್ತಿದ್ದೆ. ನಾನು ನೋಡ್ತಿದ್ದೆ ಕಮಲ. ದೇವರೆಲ್ಲಿದಾರೋ ಇವಳ ಮನಸ್ಸೂ ಅಲ್ಲೇ ಇದೆ, ಪಾಪ ನನಗೋಸ್ಕರ ಇಲ್ಲಿ ದಿನ ತಳ್ತಿದಾಳೆ ಅಂದ್ಕೊಂಡೆ. ಕೇಳಿದ್ರೆ ನೀನು ಹೂಂ ಅನ್ನಲ್ಲ, ನನಗೆ ಬೇಜಾರಾಗುತ್ತೆ ಅಂತ. ಅದಕ್ಕೆ ಮೊದ್ಲು ಗಿರಾಕಿ ಹುಡುಕಿ, ಆಮೇಲೆ ಹೇಳೋಣ ಅಂತಿದ್ದೆ. ರಂಜಿನಿ ಮನೆ ಹತ್ರಾನೇ ಒಂದು ಅಪಾರ್ಟ್‌ಮೆಂಟ್ ನೋಡಿ ಬಂದಿದೀನಿ. ದೇವರ ಮನೆಗೆ ಅಂತ ಒಂದು ಮೂಲೆ ಇದೆ."

"ನಿಮಗೆ ಅಲ್ಲಿ ಇರಕ್ಕೆ ಇಷ್ಟಾನಾ?"

"ಕಿಟಕಿ ತೆಗೆದ್ರೆ ಎದುರುಗಡೆ ಬರೀ ಆಫೀಸ್ ಕಟ್ಟಡ ಕಾಣುತ್ತೆ," ಎಂದ ಶ್ರೀಪತಿ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ.

ಕಮಲಾಕ್ಷಿ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಿಂದಲೇ ಮೂಗೊರೆಸಿಕೊಂಡಳು. "ಮುಖ ಓದ್ತೀನಿ ಅಂದಿದ್ರಲ್ಲ."

"ಓದ್ದೆ. ಅರ್ಥ ತಪ್ಪು ಮಾಡ್ಕೊಂಡೆ." ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. "ಇನ್ಮೇಲೆ ಓದಲ್ಲ, ಕೇಳ್ತೀನಿ. ಈಗ್ಲೇ ಕೇಳ್ತೀನಿ. ನಿಂಗೆ ಇಲ್ಲಿರಕ್ಕೆ ಇಷ್ಟಾನಾ?"

ಅವಳು ಅವನತ್ತ ತಿರುಗಿದಳು. ಹತ್ತಿರದಿಂದ ನೋಡಿದರೆ ಅವನ ಹುಬ್ಬಿನಲ್ಲೂ ಬಿಳಿ ಕೂದಲು ಬಂದಿತ್ತು, ಉಪ್ಪುಗಾಳಿಗೆ ಕೆನ್ನೆ ಕಪ್ಪಾಗಿತ್ತು. ಉತ್ತರಕ್ಕೆ ಕಾಯುತ್ತಿದ್ದ ಆ ಕಣ್ಣುಗಳಲ್ಲಿ ಮಾತ್ರ ಮೇಲಿನ ಮಹಡಿಯಿಂದ ಫೋನ್ ಮಾಡಿದ ಹುಡುಗನೇ ಇದ್ದ.

"ದೊಡ್ಡ ಮನೇಲಿ ನಿಮಗೆ ಒಂದಿನಾನೂ ಬ್ಯಾಲೆನ್ಸ್ ತಪ್ತಿರ್ಲಿಲ್ಲ," ಎಂದಳು. "ನಂಗೆ ಇಲ್ಲೇ ಇಷ್ಟ ಕಣ್ರೀ. ಇಲ್ಲಿ ನೀವು ನನಗೆ ಸಿಕ್ತೀರ."

ಶ್ರೀಪತಿ ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ಎದ್ದು ನಿಂತ, ಮೇಲಿನ ಮರಕ್ಕೆ ತಲೆ ತಾಗಿಸಿಕೊಂಡ, ಅದನ್ನು ಗಮನಿಸಲೂ ಇಲ್ಲ.

"ಆ ಹಿತ್ತಾಳೆ ಪಾತ್ರೆ ಎಲ್ಲಿದೆ?"

ಪಾತ್ರೆ ಲೈಫ್ ಜಾಕೆಟ್‌ಗಳ ಕೆಳಗೆ, ಬಂದ ದಿನ ತುರುಕಿದ ಜಾಗದಲ್ಲೇ ಇತ್ತು. ಅವಳು ಅದನ್ನು ತೊಳೆದು ಅರಿಶಿನ ಕುಂಕುಮ ಹಚ್ಚುವಷ್ಟರಲ್ಲಿ ಶ್ರೀಪತಿ ತನ್ನ ತಯಾರಿ ನಡೆಸಿದ. ಇದ್ದ ಕಿಟಕಿಗಳನ್ನೆಲ್ಲ ತೆರೆದ. ತಳದ ಗಾಳಿ ಹೊರಹಾಕುವ ಫ್ಯಾನ್ ಹಾಕಿದ. ಬೆಂಕಿ ಆರಿಸುವ ಸಿಲಿಂಡರನ್ನು ಕಂಕುಳಲ್ಲಿ ಹಿಡಿದು ಬಂದು ಒಲೆಯ ಪಕ್ಕ ನಿಂತ. ಗೃಹಪ್ರವೇಶಕ್ಕೆ ಹೀಗೆ ಸಿದ್ಧನಾಗಿ ನಿಂತ ಯಜಮಾನನನ್ನು ಕಮಲಾಕ್ಷಿ ಇದುವರೆಗೆ ಕಂಡಿರಲಿಲ್ಲ.

"ಪೂರ್ವ ಯಾವ ಕಡೆ ಬರುತ್ತೆ?" ಎಂದು ಕೇಳಿದಳು.

ಅವನು ಮೆಟ್ಟಿಲು ಹತ್ತಿ ದಿಕ್ಸೂಚಿ ನೋಡಿ ಬಂದ. "ಕರಿಬೇವಿನ ಕಡೆ. ಆದ್ರೆ ಈ ಒಲೆ ಸಮ ನಿಲ್ಲುತ್ತಲ್ಲ, ಎಲ್ಲಾ ಕಡೆ ಚೆಲ್ಲುತ್ತೆ."

"ಎಲ್ಲಾ ಕಡೆಯಲ್ಲಿ ಪೂರ್ವಾನೂ ಇರುತ್ತೆ, ಬಿಡಿ."

ಹಾಲು ಬಿಸಿಯಾಯಿತು. ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಕಟ್ಟಿದವು, ಕೆನೆ ಉಬ್ಬಿ ಮೇಲೇರತೊಡಗಿತು. ಕಮಲಾಕ್ಷಿಯ ಕೈ ಅಭ್ಯಾಸದಿಂದ ಗುಂಡಿಯ ಮೇಲೆ ಹೋಯಿತು. ಇನ್ನೇನು ತಿರುಗಿಸಬೇಕು, ಶ್ರೀಪತಿ ಆ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಕೈಯೊಳಗೆ ಇಟ್ಟುಕೊಂಡ.

"ಬಿಡು," ಎಂದ. "ನಮ್ಮನೆ ಹಾಲು, ಉಕ್ಲಿ."

ಹಾಲು ಉಕ್ಕಿತು. ಪಾತ್ರೆಯ ಅರಿಶಿನ ಕುಂಕುಮದ ಮೇಲೆ ಬೆಳ್ಳಗೆ ಇಳಿದು, ಒಲೆಯ ತುಂಬ ಹರಡಿ, ಚುರ್ರೆಂದು ಸುಟ್ಟ ವಾಸನೆ ಎಬ್ಬಿಸಿತು. ಕರಿಬೇವಿನ ಕಡೆಗೂ ಒಂದು ಧಾರೆ ಇಳಿಯಿತು. ಶ್ರೀಪತಿ ಕಣ್ಣಲ್ಲಿ ನೀರು ಇಟ್ಟುಕೊಂಡೇ ಸರ್ರನೆ ಗುಂಡಿ ತಿರುಗಿಸಿದ. ಗ್ಯಾಸಿನ ವಿಷಯದಲ್ಲಿ ಅವನು ದೇವರಿಗೂ ರಿಯಾಯಿತಿ ಕೊಡುವವನಲ್ಲ. ಕಮಲಾಕ್ಷಿ ನಕ್ಕಳು. ನಗುತ್ತಾ ಅವನ ಎದೆಗೆ ಹಣೆಯೊತ್ತಿ ನಿಂತಳು, ನಡುವೆ ಸಿಲಿಂಡರ್ ಇದ್ದರೂ.

ಮೇಲಿನಿಂದ ಕವನಾಳ ಧ್ವನಿ ಕೇಳಿತು. "ಆಂಟಿ, ಹಾಲು ಉಕ್ಕಿದ ವಾಸನೆ ಬರ್ತಿದೆ. ಅಂದ್ರೆ ನಮಗೆ ಬೋಟ್ ಇಲ್ಲ ಅಂತ ತಾನೆ?"

"ಇಲ್ಲಮ್ಮ," ಎಂದ ಶ್ರೀಪತಿ. "ತಪ್ಪಾಯ್ತು. ಆದ್ರೆ ಬನ್ನಿ, ಹಾಲು ಕುಡ್ಕೊಂಡು ಹೋಗಿ. ಗೃಹಪ್ರವೇಶಕ್ಕೆ ಬಂದೋರು ಬರಿ ಬಾಯಲ್ಲಿ ಹೋಗ್ಬಾರ್ದು."

ಉಳಿದ ಹಾಲಿಗೆ ಸಕ್ಕರೆ ಏಲಕ್ಕಿ ಹಾಕಿ ನಾಲ್ವರೂ ಕುಡಿದರು. ಬೋಟು ಸಿಗದಿದ್ದವರೇ ಎಲ್ಲರಿಗಿಂತ ಖುಷಿಯಾಗಿದ್ದರು. ಹೋಗುವಾಗ ಕವನಾ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿ, ಆ ಇಕ್ಕಟ್ಟಿನಲ್ಲಿ ಸಾಗರನಿಗೆ ಡಿಕ್ಕಿ ಹೊಡೆದಳು.

ಅವರು ಹೋದ ಮೇಲೆ ಶ್ರೀಪತಿ ಮಗಳಿಗೆ ಫೋನ್ ಮಾಡಿ, ನಾಳೆ ಬಂದು ದೇವರನ್ನು ಕರೆದುಕೊಂಡು ಹೋಗುತ್ತೇವೆ ಎಂದ.

"ಫೈನಲಿ," ಎಂದಳು ರಂಜಿನಿ. "ಐ ನೀಡ್ ದಟ್ ಶೆಲ್ಫ್, ಅಪ್ಪಾ. ವಾಟ್ ಟೈಮ್?"

ಶ್ರೀಪತಿ ಹೆಂಡತಿಯ ಕಡೆ ತಿರುಗಿದ. "ಎಷ್ಟೊತ್ತಿಗೆ ಅಂತ ಹೇಳ್ಲಿ? ರಾಹುಕಾಲ ನೋಡ್ತೀಯಾ?"

ಕಮಲಾಕ್ಷಿ ಒಲೆ ಒರೆಸುತ್ತಿದ್ದಳು. ಅಂಟಿದ ಹಾಲಿನ ಕಲೆಯ ಒಂದು ಚೂರನ್ನು ಮಾತ್ರ, ಕರಿಬೇವಿನ ಕಡೆಯದ್ದನ್ನು, ಹಾಗೇ ಬಿಟ್ಟಳು.

"ಮೊದ್ಲು ಟೈಡ್ ಟೇಬಲ್ ನೋಡ್ರೀ," ಎಂದಳು. "ಉಬ್ಬರ ಇರೋ ಹೊತ್ತಿಗೇ ಮನೆಗೆ ಕರ್ಕೊಂಡ್ ಬರೋಣ. ಲಕ್ಷ್ಮೀನ ಆ ರ‍್ಯಾಂಪಲ್ಲಿ ಜಾರಿಸ್ಕೊಂಡು ತರಕ್ಕಾಗಲ್ಲ."